ನಡುಗದ ಕೈ

ಕೈ ನಡುಗುತ್ತಿಲ್ಲವಲ್ಲ ಎನ್ನುವುದೇ ಅವಳ ಚಿಂತೆಯಾಗಿತ್ತು. ಬಚ್ಚಲುಮನೆಯ ಚಿಲಕ ಹಾಕಿಕೊಂಡು ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿ ನೋಡಿದಳು. ಒಂದಾದರೂ ಅದುರಬಾರದೇ? ಹಾಳಾದವು, ಗೋಡೆಗೆ ಹೊಡೆದ ಮೊಳೆಗಳ ಹಾಗೆ ನಿಂತಿದ್ದವು. ತುಂಬಿದ ಬಕೆಟ್ಟನ್ನು ತೋಳು ಸೋಲುವವರೆಗೆ ಎತ್ತಿ ಹಿಡಿದಳು. ತೋಳು ಸೋತಿತೇ ಹೊರತು ಬೆರಳು ಸೋಲಲಿಲ್ಲ. 'ಹೊರಗೆ ಹೋದರೆ ಮತ್ತೆ ನಡುಗಿಸಬೇಕು' ಎಂದು ತನಗೆ ತಾನೇ ಹೇಳಿಕೊಂಡಳು. 'ಸುಳ್ಳು ಹೇಳುವುದಕ್ಕೂ ಬಾಯಿ ಬೇಕು. ನನಗೆ ಬಾಯಿಲ್ಲ ಅಂತ ಕೈಯಲ್ಲಿ ಹೇಳಿಬಿಟ್ಟೆ.'

ಮನೆಯಲ್ಲಿ ಎಲ್ಲರೂ ಅವಳನ್ನು ಚಿಮಟ ಎಂದೇ ಕರೆಯುತ್ತಿದ್ದರು. ಅದು ಭಾವ ಇಟ್ಟ ಹೆಸರು. ಅಕ್ಕನ ಗಂಡನಾದ ಅವರು ಮೊದಲು ಮದುವೆಗಳಲ್ಲಿ ಫೋಟೋ ತೆಗೆಯುತ್ತಿದ್ದರು. "ಮದುವೆಯಲ್ಲಿ ಒಬ್ಬರೂ ನೆಟ್ಟಗೆ ನಿಲ್ಲಲ್ಲ, ಸತ್ತ ಹುಳವೇ ವಾಸಿ, ಹೇಳಿದ ಮಾತು ಕೇಳುತ್ತೆ" ಎಂದು ಮ್ಯೂಸಿಯಮ್ಮಿಗಾಗಿ ಸತ್ತ ಹುಳಗಳ ಫೋಟೋ ತೆಗೆಯುವುದಕ್ಕೆ ತಿರುಗಿದವರು. ಆದರೆ ಸತ್ತ ಹುಳ ಕೂಡ ಅವರ ಮಾತು ಕೇಳಲಿಲ್ಲ. ಅವರದು ದಪ್ಪ ಬೆರಳು. ಮುಟ್ಟಿದರೆ ಕಾಲು ಮುರಿಯುತ್ತಿತ್ತು, ಉಫ್ ಎಂದರೆ ರೆಕ್ಕೆ ಹಾರುತ್ತಿತ್ತು. ಡಿಗ್ರಿ ಮುಗಿಸಿ, ಫಲಿತಾಂಶ ಬರುವವರೆಗೆ ಅಕ್ಕನ ಮನೆಯಲ್ಲಿರೋಣ ಎಂದು ಬಂದ ನಾದಿನಿ ಒಂದು ದಿನ ಸುಮ್ಮನೆ ಚಿಮಟ ತೆಗೆದುಕೊಂಡು ನೊಣದ ಮುದುರಿದ ಕಾಲನ್ನು ಬಿಡಿಸಿ ಕೂರಿಸಿದ್ದೇ ತಡ, ಭಾವ ಮನೆಯೆಲ್ಲ ಕೇಳುವಂತೆ ಕೂಗಿದರು: "ಲೇ, ನಿನ್ನ ತಂಗಿ ಕೈ ಅಂದ್ರೆ ಚಿನ್ನ ಕಣೇ!"

ಫಲಿತಾಂಶ ಬಂದು ಹಳೆಯದಾಯಿತು. ಅವಳು ಹೋಗಲಿಲ್ಲ. ಹೋಗು ಎಂದು ಯಾರೂ ಹೇಳಲಿಲ್ಲ, ಹೋಗುತ್ತೇನೆ ಎಂದು ಅವಳೂ ಹೇಳಲಿಲ್ಲ.

ಕೆಲಸ ಅವಳಿಗೆ ಬೇಸರವೇನಲ್ಲ, ಅದೇ ತೊಂದರೆ. ಒಣಗಿ ಕಟ್ಟಿಗೆಯಾದ ಹುಳವನ್ನು ಒದ್ದೆ ಹತ್ತಿಯ ಡಬ್ಬಿಯಲ್ಲಿಟ್ಟು ಮೆತ್ತಗಾಗಿಸಬೇಕು. ಸತ್ತ ಹುಳ ಕಾಲುಗಳನ್ನೆಲ್ಲ ಹೊಟ್ಟೆಯಡಿ ಸೇರಿಸಿಕೊಂಡಿರುತ್ತದೆ. ಒಂದೊಂದನ್ನೇ ಹೊರಗೆಳೆದು, ನಡೆಯುತ್ತಿರುವ ಹಾಗೆ ಹರಡಿ, ಮೆದು ಹಲಗೆಯ ಮೇಲೆ ಆಚೆಗೊಂದು ಈಚೆಗೊಂದು ಸೂಜಿ ನೆಡಬೇಕು. ಹುಳಕ್ಕೆ ಒಂದು ಸೂಜಿಯೂ ಚುಚ್ಚುವುದಿಲ್ಲ. ಸುತ್ತಲೂ ಇರುತ್ತವೆ, ಅಷ್ಟೆ. ಅಲುಗುವುದಕ್ಕೆ ಮಾತ್ರ ಜಾಗವಿರುವುದಿಲ್ಲ. ಹಾಗೇ ಒಣಗಿದ ಮೇಲೆ ಸೂಜಿ ಕಿತ್ತರೂ ಅದು ಅದೇ ಭಂಗಿಯಲ್ಲಿ ಉಳಿಯುತ್ತದೆ.

ಅವಳಿಗೆ ಆಗದಿದ್ದದ್ದು ಆಮೇಲಿನದು. ನಡುಕೋಣೆಯ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ಭಾರದ ಕಲ್ಲುಚಪ್ಪಡಿಯ ಮೇಲೆ ಕ್ಯಾಮೆರಾ. ಅದು ಹುಳದ ಮೂತಿಯಿಂದ ಬೆನ್ನಿನವರೆಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಯುತ್ತ ನೂರಾರು ಚಿತ್ರ ತೆಗೆಯಬೇಕು. ಅವನ್ನೆಲ್ಲ ಕೂಡಿಸಿದರೆ ಒಂದು ಪಟ. ನಡುವೆ ಯಾರಾದರೂ ಹೆಜ್ಜೆ ಹಾಕಿದರೂ ಸಾಕು, ಹುಳಕ್ಕೆ ಎರಡು ನೆರಳು ಮೂಡಿ ಎಲ್ಲ ನೀರುಪಾಲು. ಹಾಗಾಗಿ ಅಷ್ಟು ಹೊತ್ತೂ ಫ್ಯಾನಿಲ್ಲ, ಫ್ರಿಜ್ಜಿಲ್ಲ. ಭಾವನ ತಾಯಿ ಅತ್ತೆಮ್ಮ ಮಂಚದ ಮೇಲೆ ಕೂತು ಕೆಮ್ಮನ್ನು ನುಂಗುತ್ತಿದ್ದರು. ಅಕ್ಕ ಅಡುಗೆಮನೆಯಲ್ಲಿ ಸೌಟು ಹಿಡಿದವಳು ಹಿಡಿದ ಹಾಗೇ ನಿಲ್ಲುತ್ತಿದ್ದಳು. ಇವಳು ಕ್ಯಾಮೆರಾ ಪಕ್ಕದ ಸ್ಟೂಲಿನ ಮೇಲೆ, ಹುಳದ ಕಾಲು ಜಾರುತ್ತದೇನೋ ಎಂದು ಕಣ್ಣಿಟ್ಟು ಕೂರಬೇಕು. ಉಸಿರು ಬಿಡಬೇಕಾದರೂ ಮುಖ ತಿರುಗಿಸಿ ಬಿಡಬೇಕು.

ಇಷ್ಟೂ ಕೆಳಗಿನ ಮನೆಯ ಶಿಶುವಿಹಾರ ಬಿಟ್ಟ ಮೇಲೆಯೇ ಶುರುವಾಗುತ್ತಿತ್ತು. ಅಲ್ಲಿನ ಮಕ್ಕಳು ಕುಣಿದರೆ ಮೇಲೆ ಹಲಗೆಯ ನೆಲ ಅದುರಿ ಜೀರುಂಡೆಯ ಮೀಸೆ ಅಲ್ಲಾಡುತ್ತಿತ್ತು. ಭಾವ ಅದಕ್ಕೆ ಭೂಕಂಪ ಎಂದೇ ಹೆಸರಿಟ್ಟಿದ್ದರು. "ಭೂಕಂಪ ಮನೆಗೆ ಹೋಯ್ತಾ ನೋಡು" ಎಂದರೆ ಇವಳು ಮೆಟ್ಟಿಲಿನಿಂದ ಬಗ್ಗಿ ನೋಡಿ ಬರಬೇಕು.

ಒಂದು ದಿನ, ಸ್ವಲ್ಪ ಕುಣಿಯದೆ ಇರಿ ಎಂದು ಹೇಳಿ ಬಾ ಎಂದು ಇವಳನ್ನೇ ಕೆಳಗೆ ಕಳಿಸಿದರು. ಹೇಳುವುದಕ್ಕೆ ಬಾಯಿ ಬರದೆ ಬಾಗಿಲಲ್ಲೇ ನಿಂತಳು. ಒಂದು ಹುಡುಗಿ ಬಂದು ಅವಳ ಬೆರಳು ಹಿಡಿದು, "ನೀನು ಹುಳ ಅಂಟಿಸೋಳಾ? ಹುಳಕ್ಕೆ ಮೂಗಿರುತ್ತಾ?" ಎಂದು ಕೇಳಿತು. ಇರುವುದಿಲ್ಲ, ಮೀಸೆಯಲ್ಲೇ ಮೂಸುತ್ತೆ ಎಂದಳು. ಆ ಕ್ಷಣವೇ ಇಡೀ ಕೋಣೆ ಕೈಯನ್ನು ಹಣೆಗೆ ಮೀಸೆ ಮಾಡಿಕೊಂಡು ಒಬ್ಬರನ್ನೊಬ್ಬರು ಮೂಸುತ್ತ ಕುಣಿಯತೊಡಗಿತು. ಅವಳೂ ಕುಣಿದಳು. ಆ ದಿನ ಮೇಲೆ ಭೂಕಂಪ ಜೋರಾಗಿಯೇ ಆಗಿತ್ತು.

ಆಮೇಲೆ ಮೆಟ್ಟಿಲಲ್ಲಿ ಸಿಕ್ಕಿದಾಗ ಅಲ್ಲಿನ ಟೀಚರಮ್ಮ ಹೇಳಿದರು: "ನನ್ನೊಬ್ಬಳ ಕೈಲಿ ಆಗ್ತಿಲ್ಲಮ್ಮ. ಸೋಮವಾರದಿಂದ ಬರ್ತೀಯಾ? ನೀನು ಮಾತಾಡದಿದ್ರೂ ಪರವಾಗಿಲ್ಲ, ಅವೇ ಮಾತಾಡ್ತವೆ. ನಿನ್ನ ಕೈಲಾಗಲ್ಲ ಅಂದ್ರೆ ಹೇಳಿಬಿಡು, ಬೇರೆಯವರನ್ನ ನೋಡ್ತೀನಿ."

ಬರ್ತೀನಿ ಎಂದು ಹೇಳಲು ಮೊದಲು ಮೇಲೆ ಹೋಗಿ ಒಂದು ಮಾತು ಹೇಳಬೇಕಿತ್ತು. ಆ ಮಾತು ಗಂಟಲವರೆಗೆ ಬಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿತು. ಅದಕ್ಕೇ ಅವಳಿಗೆ ಹೊಳೆದದ್ದು ಕೈ ನಡುಗಿಸುವ ಉಪಾಯ. ನಡುಗುವ ಕೈ ಯಾರಿಗೆ ಬೇಕು? ತಾವೇ ಬಿಟ್ಟುಬಿಡುತ್ತಾರೆ.

ಬಿಡಲಿಲ್ಲ. ಅವಳ ಕೈಯಲ್ಲಿ ಚಿಮಟ ಅದುರಿದ್ದು ಕಂಡದ್ದೇ ಮನೆಗೆ ಮನೆಯೇ ಅವಳ ಮೇಲೆ ಬಿತ್ತು. ಅತ್ತೆಮ್ಮ ತಮ್ಮ ಮಂಡಿನೋವಿನ ಎಣ್ಣೆ ತಂದು ಭುಜದಿಂದ ಬೆರಳ ತುದಿಯವರೆಗೆ ತಿಕ್ಕಿದರು. ಅಕ್ಕ ಹೊತ್ತುಹೊತ್ತಿಗೆ ಹಾಲು ತಂದು, ಲೋಟ ಅವಳ ಕೈಗೆ ಕೊಡದೆ ತಾನೇ ಬಾಯಿಗೆ ಹಿಡಿದಳು. ಭಾವ ಡಾಕ್ಟರ ಬಳಿ ಕರೆದೊಯ್ದರು. ಕೈ ಚಾಚಮ್ಮ ಎಂದರು ಡಾಕ್ಟರು. ಅವಳು ಚಾಚಿ, ನಾಚಿಕೆಯಿಂದ ಸಾಯುತ್ತ ನಡುಗಿಸಿದಳು. "ನಿಶ್ಶಕ್ತಿ. ಓಡಾಟ ಬೇಡ, ಮೆಟ್ಟಿಲು ಹತ್ತಿ ಇಳಿಯೋದು ಬೇಡ. ಮನೇಲೇ ಇರಲಿ."

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು. ಈಗ ಕೆಳಗೆ ಬಗ್ಗಿ ನೋಡಿ ಬರುವುದಕ್ಕೂ ಅಕ್ಕನೇ ಹೋಗುತ್ತಿದ್ದಳು.

ಆ ಮಧ್ಯಾಹ್ನ ಅವಳು ಬಚ್ಚಲುಮನೆಯಿಂದ ಹೊರಗೆ ಬಂದಾಗ ಭಾವ ಫೋನಿಟ್ಟು ನಗುತ್ತಿದ್ದರು.

"ಮ್ಯೂಸಿಯಂ ಮೇಡಂ ಮಾಡಿದ್ರು ಚಿಮಟ. ಆ ಮೂತಿಹುಳದ ಪಟ ಇವತ್ತೇ ನೋಡಬೇಕಂತೆ. ಅದು ಚೆನ್ನಾಗಿ ಬಂದ್ರೆ ಕಪಾಟುಗಟ್ಟಲೆ ಹುಳ ನಮಗೇ ಕೊಡ್ತಾರೆ. ವರ್ಷಗಟ್ಟಲೆ ಕೆಲಸ!"

"ಇವಳ ಕೈ ಹೀಗಿದೆಯಲ್ಲಾ" ಎಂದಳು ಅಕ್ಕ.

"ಮೇಡಂಗೆ ಹೇಳಿಬಿಟ್ಟೆ. ಆ ಕಪಾಟಿನ ಹುಳಗಳಿಗೆ ನಮ್ಮ ಹುಡುಗಿ ಕೈ ವಾಸಿಯಾಗೋವರೆಗೆ ಕಾಯ್ತೀವಿ, ವರ್ಷ ಆದ್ರೂ ಸರಿ, ಬೇರೆ ಕೈ ಮುಟ್ಟಿಸಲ್ಲ ಅಂತ." ಭಾವ ಅವಳ ತಲೆಯ ಮೇಲೆ ಮೆಲ್ಲಗೆ ತಟ್ಟಿದರು. "ನಿನ್ನ ಬಿಟ್ಟುಬಿಡ್ತೀವಾ ನಾವು?"

ಅವಳು ಇಲ್ಲ ಎಂದು ತಲೆಯಾಡಿಸಿದಳು.

ಮೂತಿಹುಳ ಅವಳೇ ಕೂರಿಸಿದ್ದು, ಸುಳ್ಳು ಹುಟ್ಟುವ ಮೊದಲು. ಎಳ್ಳಿಗಿಂತ ಸ್ವಲ್ಪ ದೊಡ್ಡದು, ಮುಖಕ್ಕಿಂತ ಉದ್ದದ ಮೂತಿ. ಆ ಜಾತಿಯದು ಮ್ಯೂಸಿಯಮ್ಮಿನಲ್ಲಿದ್ದದ್ದು ಅದೊಂದೇ. ಈಗ ಒಣಗಿತ್ತು, ಸೂಜಿಗಳನ್ನು ಕಿತ್ತು, ಎತ್ತಿ, ಗುಂಡುಸೂಜಿಯ ತುದಿಗೆ ಅಂಟಿಸಿ ಕ್ಯಾಮೆರಾದ ಮುಂದೆ ನಿಲ್ಲಿಸುವುದಷ್ಟೇ ಬಾಕಿ.

"ಅಷ್ಟು ನಾನೇ ಮಾಡ್ತೀನಿ ಬಿಡು" ಎಂದು ಭಾವ ಕೂತರು.

"ಆನೆ ಕೈಗೆ ಸೂಜಿ ಕೊಟ್ಟ ಹಾಗಾಯ್ತು" ಎಂದರು ಅತ್ತೆಮ್ಮ.

"ಅಮ್ಮಾ, ನೀನು ಕೆಮ್ಮದೆ ಇದ್ರೆ ಸಾಕು."

ಮೊದಲ ಸೂಜಿ ಬಂತು, ಎರಡನೆಯದೂ ಬಂತು, ಒಂದೊಂದಾಗಿ ಎಲ್ಲವೂ ಬಂದವು. ಭಾವನ ಹಣೆಯಲ್ಲಿ ಬೆವರಿತ್ತು. ಅವಳು ಅವರ ಹಿಂದೆ ನಿಂತು ದೊಡ್ಡ ಮಸೂರದ ಗಾಜಿನಲ್ಲಿ ನೋಡುತ್ತಿದ್ದಳು. ಎಡಗಡೆಯ ಹಿಂಗಾಲಿನ ಕೊಕ್ಕೆಯುಗುರು ಹಲಗೆಗೆ ಸಿಕ್ಕಿಕೊಂಡಿತ್ತು. ಭಾವನಿಗೆ ಅದು ಕಾಣಲಿಲ್ಲ. ಅವರು ಚಿಮಟದಿಂದ ಹುಳದ ಬೆನ್ನು ಹಿಡಿದರು. ಇನ್ನು ಎತ್ತುತ್ತಾರೆ. ಕಾಲು ಅಲ್ಲೇ ಉಳಿಯುತ್ತದೆ.

ಉಳಿಯಲಿ, ಎಂದಿತು ಒಳಗೆ ಒಂದು ದನಿ. ಕಾಲು ಮುರಿದರೆ ಪಟವಿಲ್ಲ, ಪಟವಿಲ್ಲದಿದ್ದರೆ ಕಪಾಟುಗಳಿಲ್ಲ. ನೀನು ಏನೂ ಮಾಡಬೇಕಾಗಿಲ್ಲ. ಸುಮ್ಮನಿರುವುದಂತೂ ನಿನಗೆ ಬರುತ್ತಲ್ಲ.

ಅವಳ ಕೈ ಅದಾಗಲೇ ಮುಂದೆ ಹೋಗಿತ್ತು. ಭಾವನ ಬೆರಳುಗಳಿಂದ ಚಿಮಟ ಬಿಡಿಸಿಕೊಂಡಳು. ಕೂದಲುಕುಂಚವನ್ನು ಆ ಉಗುರಿನಡಿ ತೂರಿಸಿ, ಹಿಂದಕ್ಕೆ ಸ್ವಲ್ಪ ಒತ್ತಿ, ಕೊಕ್ಕೆ ಬಿಡಿಸಿದಳು. ಗುಂಡುಸೂಜಿಯ ತುದಿಗೆ ಧೂಳಿನ ಕಣದಷ್ಟು ಅಂಟು ಸೋಕಿಸಿ, ಹುಳವನ್ನು ಎತ್ತಿ, ಕೂರಿಸಿ, ಮೂತಿಯನ್ನು ಬೆಳಕಿಗೆ ತಿರುಗಿಸಿದಳು. ಒಂದು ಸಲವೂ ಬೆರಳು ಅದುರಲಿಲ್ಲ.

ಎಲ್ಲರೂ ನೋಡಿದ್ದರು. ಇಗೋ, ಸಿಕ್ಕಿಬಿದ್ದೆ ಎಂದುಕೊಂಡಳು ಅವಳು. ಎದೆ ಹಗುರವಾದಂತೆಯೂ ಆಯಿತು. ಇನ್ನು ಅವರೇ ಕೇಳುತ್ತಾರೆ, ತಾನು ಹೂಂ ಎಂದರೆ ಸಾಕು.

"ವಾಸಿಯಾಯ್ತು!" ಅಕ್ಕ ಬಂದು ತಬ್ಬಿಕೊಂಡಳು. ಅವಳ ಕಣ್ಣಲ್ಲಿ ನೀರು.

"ನನ್ನ ಎಣ್ಣೆ" ಎಂದರು ಅತ್ತೆಮ್ಮ. "ಡಾಕ್ಟರಂತೆ ಡಾಕ್ಟರು! ನನ್ನ ಎಣ್ಣೆ ಕಣ್ರೋ."

"ನಾನು ಹೇಳಲಿಲ್ವಾ?" ಭಾವ ಕಣ್ಣೊರೆಸಿಕೊಂಡರು. "ಬರಲಿ ಕಪಾಟುಗಳು. ಕೂತ್ಕೋ ಚಿಮಟ, ಕೂತ್ಕೋ. ಲೇ, ಭೂಕಂಪ ಹೋಯ್ತಾ ನೋಡು."

ಭೂಕಂಪ ಹೋಗಿತ್ತು. ಫ್ಯಾನು ನಿಂತಿತು. ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ಅತ್ತೆಮ್ಮ ಮಂಚ ಹತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಭಾವ ಹೊರಬಾಗಿಲು ಮುಚ್ಚಿ ಕ್ಯಾಮೆರಾದ ಗುಂಡಿ ಒತ್ತಿದರು.

ಕ್ಲಿಕ್.

ಅವಳು ಸ್ಟೂಲಿನ ಮೇಲೆ ಕೂತಿದ್ದಳು. ಪರದೆಯ ಮೇಲೆ ಮೂತಿಹುಳ ಆನೆಯಷ್ಟು ದೊಡ್ಡದಾಗಿ, ಈಗಷ್ಟೇ ಒಂದು ಹೆಜ್ಜೆ ಇಟ್ಟಂತೆ, ಇನ್ನೊಂದನ್ನು ಇಡಲಿರುವಂತೆ ನಿಂತಿತ್ತು. ಆ ಹೆಜ್ಜೆ ಇಡಿಸಿದವಳು ಅವಳೇ. ಎಷ್ಟು ಚೆನ್ನಾಗಿ ಕೂರಿಸಿದ್ದೆ ಎನಿಸಿತು. ಅದು ಇನ್ನೆಂದೂ ಆ ಇನ್ನೊಂದು ಹೆಜ್ಜೆ ಇಡುವುದಿಲ್ಲ ಎಂದೂ ಅನಿಸಿತು.

ಕ್ಲಿಕ್.

ಉಸಿರು ಬಿಡಲು ಮುಖ ತಿರುಗಿಸಿದಳು. ಅಕ್ಕ ಕಾಣಿಸಿದಳು. ಅಲುಗದೆ ನಿಂತೇ ಅವಳತ್ತ ನಕ್ಕಳು, ಪ್ರೀತಿಯಿಂದಲೇ. ಆ ಕಡೆ ಅತ್ತೆಮ್ಮ, ಈ ಕಡೆ ಭಾವ. ಯಾರೂ ಅವಳನ್ನು ಚುಚ್ಚಿದವರಲ್ಲ.

ಕ್ಲಿಕ್.

ಗಂಟಲಲ್ಲಿ ಕೂತಿದ್ದ ಮಾತು ಎದ್ದು ನಿಂತಿತು. ಈಗ ಬೇಡ, ಪಟ ಮುಗಿಯಲಿ ಎಂದುಕೊಂಡಳು. ಪಟ ಮುಗಿದರೆ ಅವರ ಖುಷಿಯ ಮುಂದೆ ಹೇಳಲಾಗುವುದಿಲ್ಲ ಎಂದೂ ಗೊತ್ತಿತ್ತು.

ಕ್ಲಿಕ್.

"ಭಾವ" ಎಂದಳು. ಆ ಕೋಣೆಯಲ್ಲಿ ಅದು ತಟ್ಟೆ ಬಿದ್ದಷ್ಟು ಜೋರಾಗಿ ಕೇಳಿಸಿತು. ಭಾವ ಬೆಚ್ಚಿ, ತುಟಿಯ ಮೇಲೆ ಬೆರಳಿಟ್ಟರು. ಅವಳು ಸ್ಟೂಲಿನಿಂದ ಎದ್ದಳು. ಹಲಗೆಯ ನೆಲ ಕಿರುಗುಟ್ಟಿತು, ಪರದೆಯ ಮೇಲೆ ಹುಳ ಎರಡಾಯಿತು.

"ನನ್ನ ಕೈ ಯಾವತ್ತೂ ನಡುಗಿಲ್ಲ ಭಾವ. ನಂಗೆ ಇಲ್ಲಿ ಕೂರೋಕೆ ಇಷ್ಟ ಇಲ್ಲ."