ಒಂದು ತಾಸಿನ ಛತ್ರಿ

“ಈ ಚೀಟ್ಯಾಗ ಬರದಿದ್ದು ತಪ್ಪು ಅಂತ ಆದ ದಿನ, ಇದs ಛತ್ರಿ ಹಿಡಕೊಂಡು ನಾನೂ ಒಂದು ತಾಸು ಹಿಂಗs ನಿಂದರ್ತೇನಿ, ತಾರಾ.”

೧೯೮೬ರ ಮಳೆಗಾಲದಲ್ಲಿ, ಧಾರವಾಡದ ಆಸ್ಪತ್ರೆಯೊಂದರ ವರಾಂಡದಲ್ಲಿ ರಮಾಕಾಂತ ತಂಗಿಗೆ ಹೀಗೆ ಮಾತು ಕೊಟ್ಟಿದ್ದ. ಅವ್ವ ತೀರಿಕೊಂಡ ಮೇಲೆ ತಾರಾಬಾಯಿ ಮೊದಲು ಊಟ ಬಿಟ್ಟಿದ್ದಳು, ಆಮೇಲೆ ಮಾತು, ಕಡೆಗೆ ಅಲುಗಾಡುವುದನ್ನೇ. ಕೈ ಎತ್ತಿಟ್ಟರೆ ಎತ್ತಿದಲ್ಲೇ ನಿಲ್ಲುತ್ತಿತ್ತು. ಹೀಗೇ ನಾಲ್ಕು ದಿನ ಕಳೆದಿದ್ದವು. ರಮಾಕಾಂತ ತೊಯ್ದ ಛತ್ರಿ ಇಡಲು ಗೂಟ ಹುಡುಕಿ, ಸಿಗದೆ, ತಂಗಿಯ ಕೈಗೇ ತೂಗುಹಾಕಿ ಡಾಕ್ಟರ ಚೀಟಿ ತರಲು ಹೋದ. ಬಂದು ನೋಡಿದರೆ ಛತ್ರಿ ಅಲ್ಲೇ ಹನಿಯುತ್ತಿತ್ತು. ಚೀಟಿಯಲ್ಲಿ ಸ್ಕಿಜೋಫ್ರೇನಿಯಾ ಎಂದಿತ್ತು. ನಾಚಿಕೆಗೋ ದುಃಖಕ್ಕೋ ಆ ಮಾತು ಬಾಯಿಂದ ಬಂತು.

ಎರಡು ವಾರಕ್ಕೆ ತಾರಾಬಾಯಿ ಎದ್ದು ಕೂತಳು. ಮೊದಲು ಆಡಿದ್ದು, “ಛತ್ರಿ ಭಾಳ ಭಾರ ಇತ್ತಲ್ಲೋ ಅಣ್ಣಾ.”

ಮತ್ತೆಂದೂ ಹಾಗಾಗಲಿಲ್ಲ. ಮಾಳಮಡ್ಡಿಯ ಅರ್ಧ ಮಕ್ಕಳಿಗೆ ಗಣಿತ ಕಲಿಸಿದಳು. ಆದರೆ ಆ ಚೀಟಿ ಬೆನ್ನು ಬಿಡಲಿಲ್ಲ. ಅದಕ್ಕೆ ಕಾರಣ ರಮಾಕಾಂತನೇ. ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ಮನುಷ್ಯ. ತಂಗಿಯ ಆಸ್ಪತ್ರೆ ಕಾಗದಗಳ ಫೈಲೂ ತಾರೀಖಿನ ಪ್ರಕಾರ, ಹಳೇದು ಮೇಲೆ. ಹೊಟ್ಟೆನೋವೆಂದು ಹೋದರೂ ಡಾಕ್ಟರ ಕಣ್ಣಿಗೆ ಮೊದಲು ೮೬ರ ಚೀಟಿ. ಹೊಟ್ಟೆನೋವೂ ಮನಸ್ಸಿನದೇ ಆಗುತ್ತಿತ್ತು. ಈ ವರ್ಷ ಮೊಣಕಾಲು ಕೈಕೊಟ್ಟಾಗ ಎಲುಬಿನ ಡಾಕ್ಟರೂ ಮೇಲಿನ ಹಾಳೆ ಓದಿ, ಮನೋವೈದ್ಯರ ಪತ್ರ ತಂದರೆ ಮಾತ್ರ ಆಪರೇಷನ್ ಎಂದುಬಿಟ್ಟರು. ಪತ್ರ ಸಿಗದಿದ್ದರೆ ತಾರಾಬಾಯಿಗೆ ಮನೆಯ ಮೆಟ್ಟಿಲೇ ಸೀಮೆ.

ಸಪ್ತಾಪುರದ ಮನೋವೈದ್ಯೆ ಡಾಕ್ಟರ್ ಚಿನ್ಮಯೀ ಎಲ್ಲ ಓದಿ, ಬಹಳ ಹೊತ್ತು ಪ್ರಶ್ನೆ ಕೇಳಿ, ನಕ್ಕಳು. ತಾರಾಬಾಯಿಗಾದದ್ದು ಮೈ ಇದ್ದಲ್ಲೇ ಸೆಟೆದು ನಿಲ್ಲುವ ಕ್ಯಾಟಟೋನಿಯಾ, ಅದೂ ಭಾರೀ ಖಿನ್ನತೆಯಿಂದ ಬಂದದ್ದು ಎಂದಳು.

“ನೂರೈವತ್ತು ವರ್ಷದ ಹಿಂದ ಈ ಜಡ್ಡಿಗೆ ತನ್ನದs ಒಂದು ಮನಿ ಇತ್ತರಿ ಕಾಕಾ. ಆಮ್ಯಾಲೆ ಸ್ಕಿಜೋಫ್ರೇನಿಯಾದ ದೊಡ್ಡ ಮನ್ಯಾಗ ಕೂಡಿಸಿಬಿಟ್ರು. ಕೈ ಹಿಂಗ ನಿಂತ್ರ ಸಾಕು, ಅದs ಹೆಸರು. ಈಗ ಮತ್ತ ಬ್ಯಾರೆ ಆಗ್ಯದ. ಖಿನ್ನತೆಯಿಂದ ಬರತದ, ಮೈಯಾಗಿನ ಬ್ಯಾರೆ ಜಡ್ಡಿನಿಂದನೂ ಬರತದ.”

“ಹಂಗಾರ ಆಗಿನ ಡಾಕ್ಟರು ಬರದಿದ್ದು ತಪ್ಪೇನ್ರಿ?”

“ತಪ್ಪು ಅನ್ನಲಿಕ್ಕೆ ಬರೂದಿಲ್ಲರಿ. ಆಗಿನ ಪುಸ್ತಕ ಹಂಗಿತ್ತು.”

ರಮಾಕಾಂತನಿಗೆ ಜೀವ ಬಂದಂತಾಯಿತು. ತಪ್ಪಲ್ಲವೆಂದ ಮೇಲೆ ಛತ್ರಿಯ ಮಾತೂ ಲಾಗೂ ಅಲ್ಲ. ಚಿನ್ಮಯೀ ಸ್ಕಿಜೋಫ್ರೇನಿಯಾಕ್ಕೆ ಆಧಾರವಿಲ್ಲ, ಆಪರೇಷನ್ನಿಗೆ ಅಡ್ಡಿಯಿಲ್ಲ ಎಂದು ಬರೆದು, ಇದನ್ನು ಫೈಲಿನ ಮೇಲೇ ಹಚ್ಚಲು ಹೇಳಿದಳು. ತಾರೀಖಿನ ಕ್ರಮ ಕೆಡುತ್ತದೆಂದು ಅವನು ಒಂದು ಗಳಿಗೆ ತಡವರಿಸಿದ. ಹಚ್ಚಿದ.

ತಿರುಗಿ ನೋಡಿದರೆ ತಾರಾಬಾಯಿ ಚೀಲದಿಂದ ಅದೇ ಹಳೇ ಛತ್ರಿ ತೆಗೆಯುತ್ತಿದ್ದಳು. ಹೊರಗೆ ಮೇ ತಿಂಗಳ ರಣಬಿಸಿಲು.

“ಪುಸ್ತಕದ ತಪ್ಪು ಅಂತ ಬರಕೋ ಅಣ್ಣಾ. ಮನಿಗೆ ನಡಿ.”

ಪಡಸಾಲೆಯಲ್ಲಿ ರಮಾಕಾಂತ ಕೈ ಚಾಚಿ ನಿಂತ. ತಂಗಿ ಛತ್ರಿ ತೂಗುಹಾಕಿ, ಕುರ್ಚಿಯಲ್ಲಿ ಕಾಲು ನೀಡಿ, ಗಡಿಯಾರ ನೋಡುತ್ತ ಕೂತಳು. ಐದು ನಿಮಿಷಕ್ಕೆ ಹೆಗಲು ಹಿಡಿಯಿತು. ಎಂಟಕ್ಕೆ ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟ. ನಾಲ್ಕು ದಿನ ಹೇಗೆ ನಿಂತಿದ್ದೆ ಎಂದು ಕೇಳಿದ. ಅವಳು ಗಡಿಯಾರದತ್ತ ಬೆರಳು ತೋರಿಸಿದಳು.

ಹನ್ನೊಂದನೇ ನಿಮಿಷಕ್ಕೆ ಛತ್ರಿ ನೆಲಕ್ಕೆ ಬಿತ್ತು. ಕೊಟ್ಟದ್ದು ಒಂದು ತಾಸಿನ ಮಾತು. ರಮಾಕಾಂತ ಅದನ್ನು ಉಳಿಸಿಕೊಳ್ಳಲಿಲ್ಲ.