ಮೇಲಂತಸ್ತು

ವರ್ನಾ ಮತ್ತು ರೈನೊ ಪೆಲ್ಟೊಲಾ ವಾಸವಿದ್ದದ್ದು ಮನೆಯಲ್ಲಲ್ಲ, ಬರಬೇಕಾಗಿದ್ದ ಮನೆಯೊಂದರ ನೆಲಮಾಳಿಗೆಯಲ್ಲಿ. ಮದುವೆಯಾದ ಮರುವರ್ಷ ರೈನೊ ಸುಪೀರಿಯರ್ ಸರೋವರದ ಕಡೆಗೆ ಇಳಿಯುವ ದಿಬ್ಬದಲ್ಲಿ ಗುಂಡಿ ತೋಡಿ, ಸುತ್ತ ಸಿಮೆಂಟ್ ಇಟ್ಟಿಗೆಯ ಗೋಡೆ ಎಬ್ಬಿಸಿ, ಮೇಲೆ ಹಲಗೆ ಹಾಸಿ, ನೀರಿಳಿಯದಂತೆ ಹಲಗೆಗೆ ಡಾಂಬರು ಕಾಗದ ಹೊದಿಸಿದ. "ಇದೊಂದು ಚಳಿಗಾಲ ಕೆಳಗೆ ಇದ್ಬಿಡೋಣ ಕಣೆ. ಬೇಸಿಗೆ ಬಂತು ಅಂದ್ರೆ ಮೇಲಿಂದು ಎಬ್ಬಿಸ್ತೀನಿ" ಅಂದ. ಆ ಕಡೆ ಹಾಗೆ ಶುರು ಮಾಡಿದವರು ಎಷ್ಟೋ ಜನ. ತಾಮ್ರದ ಗಣಿಗಳು ಮುಚ್ಚಿದ ಮೇಲೆ ಯಾರ ಕೈಯಲ್ಲೂ ಒಟ್ಟಿಗೆ ಹಣ ನಿಲ್ಲುತ್ತಿರಲಿಲ್ಲ, ಬಂದಷ್ಟು ಬಂದಷ್ಟು ಕಟ್ಟಿಕೊಳ್ಳುತ್ತಿದ್ದರು. ಉಳಿದವರೆಲ್ಲ ಎರಡು ಮೂರು ವರ್ಷದಲ್ಲಿ ಮೇಲೆ ಹತ್ತಿದರು. ಇವರಿಬ್ಬರು ಹತ್ತಿರ ಹತ್ತಿರ ನಲವತ್ತು ಚಳಿಗಾಲ ಕೆಳಗೇ ಕಳೆದರು.

ರೈನೊನನ್ನು ಸೋಮಾರಿ ಎಂದು ಯಾರೂ ಅನ್ನುವಂತಿರಲಿಲ್ಲ. ಚಳಿಗಾಲವಿಡೀ ಕೌಂಟಿ ಆಡಳಿತದ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಬೇಸಿಗೆ ಬಂದರೆ ಬೆಳಕಿರುವಷ್ಟು ಹೊತ್ತೂ ದಿಬ್ಬದ ಮೇಲೆ ಸುತ್ತಿಗೆಯ ಸದ್ದು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎನ್ನುತ್ತಾರಲ್ಲ, ಅವನಿಗೆ ಅದೊಂದು ಆಗುತ್ತಿರಲಿಲ್ಲ. ಮನೆಗೆ ಹಲಗೆ ಬೇಕು, ಕೊಂಡರೆ ದುಬಾರಿ, ಆದ್ದರಿಂದ ಮೊದಲು ಮರ ಕುಯ್ಯುವ ಯಂತ್ರ ಕೂಡಿಸಬೇಕು. ಯಂತ್ರ ಮಳೆಯಲ್ಲಿ ನೆನೆಯಬಾರದು, ಆದ್ದರಿಂದ ಶೆಡ್ಡು. ಶೆಡ್ಡಿನಲ್ಲಿ ಇಷ್ಟು ಜಾಗ ಸುಮ್ಮನೆ ಬಿದ್ದಿದೆ, ಒಂದು ದೋಣಿಯನ್ನು ಯಾಕೆ ಶುರು ಮಾಡಬಾರದು? ದೋಣಿಗೆ ಪಕ್ಕೆಲುಬು ಮೂಡಿತು, ಮೈ ಮೂಡಲಿಲ್ಲ. ಹಬೆಸ್ನಾನದ ಕೋಣೆ ಸೌನಾಕ್ಕೆ ಒಲೆ ಬಂತು, ಗೋಡೆ ಬರಲಿಲ್ಲ. ಚಿಂದಿ ಬಟ್ಟೆಯ ಜಮಖಾನೆ ನೇಯುವುದಕ್ಕೆ ವರ್ನಾಳಿಗೆ ಮಗ್ಗ ಮಾಡಿಕೊಡುತ್ತೇನೆಂದು ನಾಲ್ಕು ಕಾಲು ಕೆತ್ತಿ ನಿಲ್ಲಿಸಿದ, ಅವು ಹಾಗೇ ಗೋಡೆಗೊರಗಿ ನಿಂತವು. ಮೇಲಂತಸ್ತಿನ ಗೋಡೆಗಳ ಚೌಕಟ್ಟು ಎರಡು ಸಲ ಎದ್ದಿತು. ಮೊದಲನೆಯದನ್ನು ಹಿಮ ಕೆಡವಿತು. ಎರಡನೆಯದು ಸೂರಿಲ್ಲದೆ, ಮಳೆಗೆ ಬೂದಿ ಬಣ್ಣಕ್ಕೆ ತಿರುಗಿ, ನೆಲಮಾಳಿಗೆಯ ನೆತ್ತಿಯ ಮೇಲೆ ಅಸ್ಥಿಪಂಜರದಂತೆ ನಿಂತಿತ್ತು. ಅದರಲ್ಲಿ ಎರಡು ಕೋಣೆ ಮಕ್ಕಳಿಗೆಂದು ಗುರುತು ಮಾಡಿದ್ದ. ಮಕ್ಕಳಾಗಲಿಲ್ಲ.

ವರ್ನಾ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ನಾಲಿಗೆ ಚುರುಕು. ಸಂಜೆ ಊಟಕ್ಕೆ ಕೂತಾಗ ಕೇಳುತ್ತಿದ್ದಳು:

"ಇವತ್ತು ಯಾವುದನ್ನ ಅರ್ಧ ಮಾಡಿ ಬಂದೆ?"

"ದೋಣಿ."

"ಒಳ್ಳೇದಾಯ್ತು. ಪ್ರಳಯ ಬಂದ್ರೆ ಅರ್ಧ ದಾರಿ ತನಕ ಬದುಕ್ತೀವಿ."

ಅವನು ನಗುತ್ತಿದ್ದ. ಆದರೆ ಮಲಗಿದ ಮೇಲೆ ನಿದ್ದೆ ಬರುತ್ತಿರಲಿಲ್ಲ. ಹಲ್ಲು ಕಡಿಯುತ್ತ, ಬೆರಳಲ್ಲಿ ಹೊದಿಕೆಯ ಮೇಲೆ ಅಳತೆ ಹಾಕುತ್ತ ಬಿದ್ದಿರುತ್ತಿದ್ದ. ಒಂದು ಸಲ ಅವನೇ ಬಾಯಿ ಬಿಟ್ಟು ಹೇಳಿದ: "ಕಣ್ಣು ಮುಚ್ಚಿದ್ರೆ ಎಲ್ಲಾ ಬಂದು ಸಾಲಾಗಿ ನಿಂತ್ಕೊಳ್ತವೆ ಕಣೆ. ನನ್ನನ್ನ ಯಾವಾಗ, ನನ್ನನ್ನ ಯಾವಾಗ ಅಂತ ಕೇಳ್ತವೆ."

"ಬಿಟ್ಟಾಕು ಅಂತೀನಲ್ಲ. ದೋಣಿ ಸುಡು, ಮಗ್ಗ ಸುಡು. ಮನೆ ಒಂದು ಮಾಡು."

"ಸುಡೋದಾ? ಶುರು ಮಾಡಿದೋನು ನಾನು."

ಭಾನುವಾರ ಚರ್ಚಿನಲ್ಲಿ ತಲೆ ಬಗ್ಗಿಸಿದಾಗಲೆಲ್ಲ ವರ್ನಾ ಬೇಡಿಕೊಳ್ಳುತ್ತಿದ್ದದ್ದು ಒಂದೇ. ದೇವರೇ, ಈ ಮನುಷ್ಯನ ತಲೆಯನ್ನು ಸ್ವಲ್ಪ ಖಾಲಿ ಮಾಡು.

ರೈನೊ ನಿವೃತ್ತನಾದ ಮೇಲಿನ ಎರಡನೆಯ ವಸಂತದಲ್ಲಿ ಅವನು ಹೊಸದೇನನ್ನೂ ಶುರು ಮಾಡಲಿಲ್ಲ. ಹಿಮ ಕರಗಿತು, ದಿಬ್ಬ ಒಣಗಿತು, ಸುತ್ತಿಗೆಯ ಸದ್ದಿಲ್ಲ. ಊಟವಾದ ಮೇಲೆ ಮಲಗಿದರೆ ಬೆಳಗಿನವರೆಗೆ ನಿದ್ದೆ. ವರ್ನಾ ತನ್ನ ತಮ್ಮ ವೆಸ್ಲಿಗೆ ಫೋನು ಮಾಡಿ, "ನಮ್ಮ ರೈನೊಗೆ ಈಗ ಬುದ್ಧಿ ಬಂತು ಕಣೋ, ತಲೆ ಹಗುರ ಆಗಿದೆ ಅಂತಾನೆ" ಎಂದಳು. ಅವಳ ದನಿಯಲ್ಲಿ ಸಂತೋಷವಿತ್ತು. ಕೆಲವು ಸಣ್ಣ ಸಂಗತಿಗಳನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪೇಟೆಯಿಂದ ಬರುವ ದಾರಿಯಲ್ಲಿ, ತಾನೇ ವರ್ಷಗಟ್ಟಲೆ ಹಿಮ ತಳ್ಳಿದ ತಿರುವಿನಲ್ಲಿ, ಅವನು ಎಡಕ್ಕೋ ಬಲಕ್ಕೋ ಎಂದು ನಿಂತುಬಿಟ್ಟಿದ್ದ. ಒಲೆಯ ಸೌದೆಯನ್ನು ಬಟ್ಟೆಯ ಕಪಾಟಿನೊಳಗೆ ನೀಟಾಗಿ ಜೋಡಿಸಿದ್ದ.

ಜೂನ್ ತಿಂಗಳ ಒಂದು ಮಧ್ಯಾಹ್ನ ದಿನಸಿ ತೆಗೆದುಕೊಂಡು ಇಬ್ಬರೂ ವಾಪಸು ಬಂದರು. ಅಷ್ಟು ಹೊತ್ತಿಗೆ ಕಾರು ಓಡಿಸುವುದು ವರ್ನಾಳೇ ಆಗಿತ್ತು. ಅವಳು ದಿಬ್ಬದ ಬುಡದಲ್ಲಿ ತಿರುಗಿಸುತ್ತಿದ್ದಂತೆ ರೈನೊ ಕಿಟಕಿಯಿಂದ ಮೇಲೆ ನೋಡಿ, "ಅಯ್ಯೋ ಪಾಪ, ಯಾರೋ ಮನೆ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದಾರೆ" ಅಂದ.

ವರ್ನಾ ತಮಾಷೆ ಎಂದುಕೊಂಡಳು. "ಯಾವನೋ ಆರಂಭಶೂರ ಇರ್ಬೇಕು."

"ಹಂಗೆಲ್ಲ ಅನ್ಬಾರ್ದು. ಏನು ಕಷ್ಟ ಬಂತೋ ಏನೋ ಅವನಿಗೆ."

ಅವಳು ಅವನ ಮುಖ ನೋಡಿದಳು. ಅದರಲ್ಲಿ ತಮಾಷೆಯ ಸುಳಿವಿರಲಿಲ್ಲ. ಸತ್ತವರ ಮನೆಯ ಮುಂದೆ ಹಾದುಹೋಗುವಾಗ ಜನರ ಮುಖ ಹೇಗಾಗುತ್ತದೋ ಹಾಗಿತ್ತು. ಕಾರು ನಿಂತ ಮೇಲೆ ಅವನು ಇಳಿದು, ಎರಡೂ ಕೈಯಲ್ಲಿ ಚೀಲ ಹಿಡಿದು, ದಿನವೂ ಇಳಿಯುವ ಮೆಟ್ಟಿಲನ್ನು ಸಲೀಸಾಗಿ ಇಳಿದು ಒಳಗೆ ಹೋದ. ವರ್ನಾ ಎಂಜಿನ್ ಆರಿಸುವುದನ್ನೂ ಮರೆತು ಸ್ಟಿಯರಿಂಗ್ ಹಿಡಿದು ಕೂತೇ ಇದ್ದಳು.

ಡಾಕ್ಟರ್ ಹೇಳಿದ್ದರಲ್ಲಿ ಅವಳಿಗೆ ಹೊಸದೇನೂ ಇರಲಿಲ್ಲ. ಮೆದುಳು ಒಣಗುತ್ತಿದೆ, ಇದಕ್ಕೆ ಮದ್ದಿಲ್ಲ, ಆ ಕಡಿದಾದ ಮೆಟ್ಟಿಲಿನ ಮನೆಯಲ್ಲಿ ಇನ್ನೊಂದು ಚಳಿಗಾಲ ಬೇಡ. ಕಾಲುವೆ ದಂಡೆಯ ಪೇಟೆಯಲ್ಲಿ ವಯಸ್ಸಾದವರ ಫ್ಲ್ಯಾಟು ಒಂದು ಖಾಲಿ ಇತ್ತು. ವೆಸ್ಲಿ ಓಡಾಡಿ ಗೊತ್ತು ಮಾಡಿದ. ದಿಬ್ಬವನ್ನು ಮಾರಬೇಕು, ಮಾರುವ ಮೊದಲು ಶೆಡ್ಡು ಖಾಲಿಯಾಗಬೇಕು ಎಂದು ತೀರ್ಮಾನವಾಯಿತು.

ಆಗಸ್ಟಿನಲ್ಲಿ ಜನ ಬರತೊಡಗಿದರು. ಮರ ಕುಯ್ಯುವ ಯಂತ್ರವನ್ನು ಒಬ್ಬ ಬಿಡಿ ಭಾಗಗಳಿಗಾಗಿ ಕೊಂಡ. ದೋಣಿಯ ಪಕ್ಕೆಲುಬನ್ನು ಒಬ್ಬಳು, ಅಂಗಳದಲ್ಲಿಟ್ಟು ಹೂವಿನ ಬಳ್ಳಿ ಹಬ್ಬಿಸುತ್ತೇನೆಂದು ಹೊತ್ತುಕೊಂಡು ಹೋದಳು. ರೈನೊ ಎಲ್ಲರಿಗಿಂತ ಮುಂದೆ ನಿಂತು ಕೈ ಹಚ್ಚುತ್ತಿದ್ದ. ಹಲಗೆಯ ಮೇಲೆ ಕೈಯಾಡಿಸಿ, "ಚೆನ್ನಾಗಿದೆ ಮರ. ಯಾರು ಕುಯ್ದಿದ್ದು ಇದು?" ಎಂದು ಬಂದವರನ್ನೇ ಕೇಳುತ್ತಿದ್ದ. ಕೊಂಡವರು ಮುಜುಗರದಿಂದ ವರ್ನಾಳ ಕಡೆ ನೋಡುತ್ತಿದ್ದರು.

ಮಗ್ಗದ ಕಾಲುಗಳನ್ನು ಒಬ್ಬ ಪುಸ್ತಕದ ಕಪಾಟಿಗೆಂದು ಆರಿಸಿಕೊಂಡಾಗ ವರ್ನಾ ತಡೆಯಲಾರದೆ ಹೋದಳು.

"ರೈನೊ, ಇದನ್ನ ಕೊಡ್ತಾ ಇದೀನಿ ನೋಡು."

"ಕೊಡು."

"ಬೇಡ ಅನ್ನು."

"ಯಾಕೆ ಬೇಡ ಅನ್ಲಿ? ನಿನಗೆ ಬೇಕಿದ್ರೆ ಇಟ್ಕೊ."

"ಶುರು ಮಾಡಿದೋನು ನಾನು ಅನ್ನು! ಜೀವಮಾನ ಪೂರ್ತಿ ಅಂದ್ಯಲ್ಲ, ಈಗ ಅನ್ನು. ಅರ್ಧ ಮನುಷ್ಯ, ಅರ್ಧ ಗಂಡ, ಒಂದನ್ನಾದ್ರೂ..."

"ವರ್ನಾ, ಸಾಕು" ಎಂದು ವೆಸ್ಲಿ ಅವಳ ತೋಳು ಹಿಡಿದ. ರೈನೊ, ಯಾಕೆ ಬೈಸಿಕೊಂಡೆ ಎಂದು ತಿಳಿಯದವನ ಹಾಗೆ, ಮಗ್ಗದ ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟು ಪಕ್ಕಕ್ಕೆ ಸರಿದು ನಿಂತ.

ಕೊಂಡವನು ಹೋದ ಮೇಲೆ ವೆಸ್ಲಿ ಹೇಳಿದ: "ಸುಡು ಸುಡು ಅಂತ ಇಷ್ಟು ವರ್ಷ ಹೇಳ್ತಿದ್ದೋಳು ನೀನೇ ಅಲ್ವೇನೆ?"

"ಅವನು ಸುಡಬೇಕಿತ್ತು ಕಣೋ. ನಾನಲ್ಲ."

ಕೊನೆಗೆ ಶೆಡ್ಡಿನಲ್ಲಿ ಉಳಿದದ್ದು ಒಂದು ಕಿಟಕಿ. ಪೇಟೆಯ ಹಳೆಯ ಹೋಟೆಲೊಂದನ್ನು ಕೆಡವಿದಾಗ ರೈನೊ ತಂದದ್ದು. ಮೇಲಂತಸ್ತಿನ ಅಡುಗೆಮನೆಯಲ್ಲಿ ಸರೋವರದ ಕಡೆಗೆ ಕೂರಿಸಬೇಕೆಂದು ಕಂಬಳಿ ಸುತ್ತಿ ಇಟ್ಟಿದ್ದ. ಅಷ್ಟು ದೊಡ್ಡ ಗಾಜು. ನೆಲಮಾಳಿಗೆಯ ಕಿಟಕಿಗಳು ಗೇಣಗಲ, ಡಿಸೆಂಬರಿನಿಂದ ಹಿಮ ಮುಚ್ಚಿಕೊಂಡರೆ ಹಗಲೂ ದೀಪ ಉರಿಸಬೇಕು. ಆ ಕತ್ತಲಲ್ಲಿ ಆಲೂಗಡ್ಡೆ ಹೆರೆಯುತ್ತ ವರ್ನಾ ಎಷ್ಟೋ ಸಲ ಆ ಕಿಟಕಿಯ ಮುಂದೆ ನಿಂತಂತೆ ನೆನೆಸಿಕೊಂಡಿದ್ದಳು. ಕೊಳ್ಳುವವನು ನಾಳೆ ಬರುತ್ತಾನೆ ಎಂದಾಗ ಅವಳು ವೆಸ್ಲಿಯನ್ನು ಕರೆದು, "ಒಂದ್ಸಲ ಮೇಲೆ ಕೂರಿಸೋಣ. ಮೊಳೆ ಹೊಡೆಯೋದು ಬೇಡ. ಒಂದ್ಸಲ ನೋಡ್ತೀನಿ, ಇಳಿಸ್ಬಿಡೋಣ" ಅಂದಳು.

ವೆಸ್ಲಿಗೆ ಅದು ಹುಚ್ಚು ಎನಿಸಿತು. ಅಕ್ಕನ ಮುಖ ನೋಡಿ ಒಪ್ಪಿದ.

ಇಬ್ಬರು ಗಂಡಸರೂ ಕಿಟಕಿಯನ್ನು ಇಳಿಜಾರಾಗಿ ಒರಗಿಸಿದ ಹಲಗೆಯ ಮೇಲೆ ಜಾರಿಸುತ್ತ ಮೇಲೆ ತಂದರು. ವರ್ನಾ ಚೌಕಟ್ಟಿನ ಒಳಗೆ, ಅಡುಗೆಮನೆ ಬರಬೇಕಾಗಿದ್ದ ಕಡೆ ನಿಂತಳು. ಕಿಟಕಿ ಎದ್ದು ನಿಂತಾಗ ಸರೋವರದ ನೀರು ಗಾಜಿನ ತುಂಬ ಕಾಣಿಸಿತು. ಚೌಕಟ್ಟಿಗೂ ಕಿಟಕಿಗೂ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ರೈನೊ, ನಿನ್ನ ಕಡೆ ಸ್ವಲ್ಪ ಒಳಗೆ ತಳ್ಳು, ಕೂತ್ಕೊಳ್ಳುತ್ತೆ" ಎಂದ ವೆಸ್ಲಿ.

ರೈನೊ ತಳ್ಳಲಿಲ್ಲ. ತನ್ನ ಕೈಯಲ್ಲಿರುವುದು ಏನೆಂದು ನೋಡಿದ, ಅದನ್ನು ಏನು ಮಾಡಬೇಕೆಂದು ತೋಚದೆ ಸುತ್ತಲೂ ನೋಡಿದ, ಆಮೇಲೆ ಬಾಗಿಲ ಹಿಡಿ ಬಿಡುವಷ್ಟು ಸಹಜವಾಗಿ ಕೈ ಬಿಟ್ಟ. ಕಿಟಕಿ ವಾಲಿತು. ವೆಸ್ಲಿಯೊಬ್ಬನ ಕೈಗೆ ಅದು ತಡೆಯಲಿಲ್ಲ. ಹೊರಕ್ಕೆ ಮಗುಚಿ ಕೆಳಗಿದ್ದ ಇಟ್ಟಿಗೆಯ ರಾಶಿಯ ಮೇಲೆ ಬಿತ್ತು.

ಸದ್ದು ಅಡಗಿದ ಮೇಲೆ ರೈನೊ ಬಿಳಿಚಿಕೊಂಡು ವರ್ನಾಳ ಹತ್ತಿರ ಬಂದ. ಯಾರಿಗೂ ಕೇಳಿಸಬಾರದೆನ್ನುವಂತೆ ಪಿಸುಗುಟ್ಟಿದ: "ಈ ಮನೆ ಯಜಮಾನ್ರಿಗೆ ಏನು ಹೇಳೋಣ?"

ಅವನು ಇನ್ನೊಮ್ಮೆ ಕೇಳಿದ. ವೆಸ್ಲಿಯೇ ಬಂದು, "ನಾನು ಹೇಳ್ತೀನಿ ಬಿಡು, ಅವರು ಒಳ್ಳೆ ಜನ" ಎಂದು ಅವನನ್ನು ಕೆಳಗಿಳಿಸಿಕೊಂಡು ಹೋದ.

ದಿಬ್ಬವನ್ನು ಕೊಂಡವರು ದಕ್ಷಿಣದ ಕಡೆಯ ದಂಪತಿ. ಮರದ ಎಲೆ ಉದುರುವ ಮೊದಲೇ ಎಲ್ಲವನ್ನೂ ಕೆಡವಿ ನೆಲಮಾಳಿಗೆಗೆ ಮಣ್ಣು ತುಂಬಿಸಿದರು. ನೋಡಿಕೊಂಡು ಬರೋಣವೇ ಎಂದು ವೆಸ್ಲಿ ಕೇಳಿದ್ದಕ್ಕೆ ವರ್ನಾ ಬೇಡ ಅಂದಳು.

ಫ್ಲ್ಯಾಟಿನಲ್ಲಿ ರೈನೊ ಸುಖವಾಗಿದ್ದ. ಅದನ್ನು ಬೇರೆ ಯಾವ ಮಾತಿನಲ್ಲಿ ಹೇಳುವುದೂ ಸುಳ್ಳಾಗುತ್ತದೆ. ಕಿಟಕಿಯ ಪಕ್ಕ ಕೂತು ಕಾಲುವೆ ನೋಡುತ್ತಿದ್ದ, ದಾಲ್ಚಿನ್ನಿ ಹಾಕಿದ ಒಣ ರೊಟ್ಟಿಯನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದ, ಮಲಗಿದರೆ ಕೂಸಿನಂತೆ ನಿದ್ದೆ. ಹಲ್ಲು ಕಡಿಯುವುದು ನಿಂತಿತ್ತು. ಹಣೆಯ ಗೆರೆಗಳು ಕೂಡ ಸಡಿಲವಾಗಿದ್ದವು. ಸಾಲಾಗಿ ನಿಂತು ಅವನನ್ನು ಕೇಳುತ್ತಿದ್ದವೆಲ್ಲ ಒಂದೊಂದಾಗಿ ಅವನನ್ನು ಬಿಟ್ಟುಹೋಗಿದ್ದವು.

ಹೋಗಿದ್ದು ಎಲ್ಲಿಗೆಂದರೆ ವರ್ನಾಳ ಹತ್ತಿರ. ಪಾತ್ರೆ ತೊಳೆಯುತ್ತಿದ್ದರೆ ಸೌನಾದ ಗೋಡೆಗೆ ಎಷ್ಟು ಹಲಗೆ ಬೇಕೆಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಅಂಗಡಿಯ ಸಾಲಿನಲ್ಲಿ ನಿಂತರೆ ಸೂರಿನ ತೊಲೆಯ ಇಳಿಜಾರು ಕಣ್ಣಿಗೆ ಬರುತ್ತಿತ್ತು, ಅವನು ಅದನ್ನು ಕಡಿದಾಗಿ ಇಡಬೇಕಿತ್ತು, ಹಿಮ ಜಾರಿಹೋಗುತ್ತಿತ್ತು. ಇಷ್ಟು ವರ್ಷ ಊಟದ ಹೊತ್ತಿನಲ್ಲಿ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡದ್ದೆಲ್ಲ ಒಳಗೆ ಎಲ್ಲೋ ಇಳಿದು ಕೂತಿತ್ತು. ಈಗ ಅದನ್ನು ಬಲ್ಲವಳು ಭೂಮಿಯ ಮೇಲೆ ಅವಳೊಬ್ಬಳೇ, ಮಾಡಲು ಬಾರದವಳೂ ಅವಳೇ.

ಮಾರ್ಚಿನಲ್ಲಿ ಡೆಲ್ ನೋಡಲು ಬಂದ. ರೈನೊನ ಜೊತೆ ಹಿಮದ ಲಾರಿ ಓಡಿಸುತ್ತಿದ್ದವನು, ದೊಡ್ಡ ಗಂಟಲಿನ ಒಳ್ಳೆಯ ಮನುಷ್ಯ. ಕೂತು, ಕಾಫಿ ಕೈಗೆ ತಗೊಂಡು, ಹಳೆಯ ರೂಢಿಯಂತೆ ಬಾಯಿ ತಪ್ಪಿ ಕೇಳಿಯೇ ಬಿಟ್ಟ: "ಏನಯ್ಯಾ ರೈನೊ, ಈಗ ಏನು ಕಟ್ತಾ ಇದೀಯ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ರೈನೊ ಮಾತ್ರ ನಿಧಾನವಾಗಿ ತುಟಿ ಒರೆಸಿಕೊಂಡು, "ಏನೂ ಇಲ್ಲ. ಎಲ್ಲಾ ಮುಗಿಸ್ಬಿಟ್ಟೆ" ಅಂದ.

"ಎಲ್ಲಾನೂ?"

"ಎಲ್ಲಾನೂ. ಬೇಕಾದ್ರೆ ಇವಳನ್ನ ಕೇಳು."

ಇಬ್ಬರೂ ಅವಳ ಕಡೆ ತಿರುಗಿದರು. ರೈನೊನ ಮುಖದಲ್ಲಿ ದಣಿದು ಕೆಲಸ ಮುಗಿಸಿ ಕೂತವನ ನೆಮ್ಮದಿ. ಹೌದು ಎನ್ನುವ ಒಂದು ಮಾತಿಗೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ವರ್ನಾ ಬಾಯಿ ತೆರೆದದ್ದೂ ಅದಕ್ಕೇ.

"ಇಲ್ಲ" ಅಂದಳು. "ಏನೂ ಮುಗಿಸಿಲ್ಲ ನೀನು. ಮನೆ ಮುಗಿಸಿಲ್ಲ. ಸೂರು ಹಾಕಲಿಲ್ಲ. ಸೌನಾ ಮುಗಿಸಿಲ್ಲ, ದೋಣಿ ಮುಗಿಸಿಲ್ಲ, ನನ್ನ ಮಗ್ಗ ಮುಗಿಸಿಲ್ಲ. ಕಿಟಕಿ ಕೂರಿಸ್ಲಿಲ್ಲ." ನಿಲ್ಲಿಸಬೇಕೆಂದು ಅವಳಿಗೇ ಅನಿಸುತ್ತಿತ್ತು, ಆದರೆ ಒಂದರ ಹಿಂದೆ ಒಂದು ಬರುತ್ತಲೇ ಇದ್ದವು. ಡೆಲ್ ಕಪ್ಪನ್ನು ಕೆಳಗಿಟ್ಟು ತನ್ನ ಬೂಟು ನೋಡುತ್ತ ಕೂತ.

ರೈನೊ ಗಮನವಿಟ್ಟು ಕೇಳಿದ. ಕೇಳುತ್ತ ಕೇಳುತ್ತ ಅವನ ಹಣೆ ಮತ್ತೆ ಗಂಟಿಕ್ಕಿತು.

"ಅಷ್ಟೊಂದು ಬಿಟ್ನಾ ನಾನು?" ಅಂದ. ಎದ್ದು ಬೂಟಿಗಾಗಿ ಹುಡುಕಾಡಿದ. "ಮತ್ತೆ ಯಾಕೆ ಕೂತಿದೀವಿ? ಕತ್ತಲಾಗೋಕೆ ಮುಂಚೆ ಹೋಗಬೇಕು."

ವರ್ನಾ ಓಡಿ ಬಂದು ಅವನ ಕೈ ಹಿಡಿದಳು. ಸುಳ್ಳು ಹೇಳಿದೆ, ತಮಾಷೆ ಮಾಡಿದೆ ಎಂದಳು. ಡೆಲ್ ಕೂಡ ದನಿಗೂಡಿಸಿದ. ಇಬ್ಬರೂ ಸೇರಿ ಅವನನ್ನು ಕೂರಿಸುವ ಹೊತ್ತಿಗೆ ಅವನಿಗೆ ದೋಣಿ, ಸೌನಾ, ಮಗ್ಗ ಯಾವುದೂ ನೆನಪಿರಲಿಲ್ಲ. ಗಂಟಿಕ್ಕಿದ ಹಣೆ ಮಾತ್ರ ಸಡಿಲವಾಗಲಿಲ್ಲ.

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ರೈನೊ ಕೋಟು ತೊಟ್ಟು ಬಾಗಿಲ ಹತ್ತಿರ ನಿಲ್ಲುತ್ತಾನೆ.

"ಏನೋ ಬಾಕಿ ಇದೆ ಕಣೆ. ಏನು ಅಂತ ಹೇಳು."

"ಏನೂ ಬಾಕಿ ಇಲ್ಲ ರೈನೊ. ಎಲ್ಲಾ ಮುಗಿಸಿದೀಯ."

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡುತ್ತಾನೆ. ನಂಬುವುದಿಲ್ಲ.