ಅಂಬಲಿ ಅಂತ ಹೇಳಿದ ಸುಳ್ಳು

ಜಹೀರಾಬಾದಿನ ನಾಗೇಶನಿಗೆ ಇದ್ದ ರೋಗ ಒಂದೇ, ಹಗಲುಗನಸು. ತಹಸೀಲ ಕಚೇರಿಯಲ್ಲಿ ಕಾಗದಕ್ಕೆ ಠಸ್ಸೆ ಒತ್ತುವಾಗಲೂ ಅವನ ಜೀವ ತಾಂಡೂರಿನಲ್ಲಿರುತ್ತಿತ್ತು. ಅಲ್ಲಿ ಅವನ ಮಾವನ ಹಳೆಯ ಶೆಡ್ಡೊಂದು ಖಾಲಿ ಬಿದ್ದಿತ್ತು. ಒಂದು ಕಾಲಕ್ಕೆ ಕಲ್ಲು ಪಾಲಿಶ್ ಮಾಡುತ್ತಿದ್ದ ಜಾಗ. ನೆಲಕ್ಕೆಲ್ಲ ನೀಲಿ ಕಲ್ಲು, ಸುಡುಬೇಸಿಗೆಯಲ್ಲೂ ಬರಿಗಾಲಿಗೆ ತಣ್ಣಗೆ ಹತ್ತುವಂಥದು. ಆ ನೆಲದ ಮೇಲೆ ಸಾಲಾಗಿ ಹಂಡೆಗಳು, ಹಂಡೆಗಳೊಳಗೆ ಗುಳುಗುಳು ಅನ್ನುವ ಜೋಳದ ಬಿಯರು, ಬಾಗಿಲ ಮೇಲೊಂದು ಬೋರ್ಡು. ಬೋರ್ಡಿನ ಮೇಲೆ ಏನು ಬರೆಸಬೇಕು ಅನ್ನುವುದು ಮಾತ್ರ ದಿನಕ್ಕೊಂದು ಸಲ ಬದಲಾಗುತ್ತಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಅಂದರೆ ಇದೇ ಅಲ್ಲವೇ!

ಹಾಗಂತ ಅದು ಬರೀ ಗಾಳಿಯ ಕನಸೂ ಅಲ್ಲ. ಹಿಂದೊಮ್ಮೆ ಕಚೇರಿ ಕೆಲಸಕ್ಕೆ ನಾಗಲಗಿದ್ದದ ಕಡೆ ಹೋದಾಗ, ಕುರಿ ಸಾಕುವ ಅಮೃತಬಾಯಿ ಎಂಬಾಕೆ ಅವನಿಗೆ ಒಂದು ಲೋಟ ಜೋಳದ ಅಂಬಲಿ ಕೊಟ್ಟಿದ್ದಳು. ಹಳೇ ಗಡಿಗೆಯ ಹುಳಿ ಅಂಬಲಿ. ನಾಲಿಗೆಯ ಮೇಲೆ ಚುರುಚುರು ಅಂದಿತು. ವಾಪಸು ಬರುವಾಗ ದಾರಿಯ ಕಬ್ಬಿನ ಹೊಲಗಳೆಲ್ಲ ತನಗೇ ಕೈಬೀಸಿದಂತೆ ಅವನಿಗೆ ಅನಿಸಿತು. ಮರುವಾರವೇ ಹೋಗಿ ಆ ಗಡಿಗೆಯ ತಳದ ಗಸಿ, ಅಂದರೆ ಅದರ ಹೆಪ್ಪು, ಬೇಡಿ ತಂದ. ಅಲ್ಲಿಂದ ಶುರುವಾಯಿತು ನೋಡಿ. ಜೋಳ ನೆನೆಹಾಕುವುದು, ಹಸಿ ಗೋಣಿತಟ್ಟಿನ ಮೇಲೆ ಮೊಳಕೆ ಬರಿಸುವುದು, ಒಣಗಿಸಿ ಹುರಿದು ಒಡೆದು ಕುದಿಸಿ ಸೋಸುವುದು, ಶುಂಠಿ ಜಜ್ಜಿ ಹಾಕುವುದು, ಆರಿದ ಮೇಲೆ ಹೆಪ್ಪು ಬಿಟ್ಟು ಬಾಯಿಗೆ ಬಟ್ಟೆ ಕಟ್ಟುವುದು. ಎಷ್ಟೋ ಸಲ ಕೆಟ್ಟಿತು. ಒಂದು ಸಲ ಹದವಾಗಿ ಬಂತು, ಆಮೇಲೆ ಪ್ರತಿ ಸಲವೂ ಬಂತು. ಸುಗ್ಗಿಯ ಹೊಲದ ವಾಸನೆ, ಕೊನೆಗೊಂದು ಸಣ್ಣ ಖಾರ. ಅಷ್ಟೂ ಮಾಯೆ ತಳದ ಹೆಪ್ಪಿನಲ್ಲಿತ್ತು. ಪ್ರತಿ ಸಲ ಒಂದಿಷ್ಟು ತೆಗೆದಿಟ್ಟು ಮುಂದಿನದಕ್ಕೆ ಬಿಡುವುದು. ಅಮೃತಬಾಯಿಯ ಗಡಿಗೆ ಆಮೇಲೆ ಒಡೆದೇ ಹೋಗಿದ್ದರಿಂದ, ಆ ಹೆಪ್ಪು ಈಗ ಲೋಕದಲ್ಲಿ ಇವನೊಬ್ಬನ ಹತ್ತಿರ ಇತ್ತು.

ಇದೆಲ್ಲ ನಡೆಯುತ್ತಿದ್ದುದು ಹಿತ್ತಲ ಕೋಣೆಯಲ್ಲಿ, ತಾಯಿಯ ಕಣ್ಣೆದುರಿಗೇ. ಮಾಲತೀಬಾಯಿ ಏಕಾದಶಿ ತಪ್ಪಿಸದ ಹೆಂಗಸು. ಸಂಜೆ ದೇವರ ದೀಪ ಹಚ್ಚಿದ ಮೇಲೆ ಮನೆಯಿಂದ ಮೊಸರಿನ ಹೆಪ್ಪನ್ನೂ ಹೊರಗೆ ಕೊಡುತ್ತಿರಲಿಲ್ಲ. ಪಕ್ಕದ ಮನೆಯ ಈಶಮ್ಮ ಬಟ್ಟಲು ಹಿಡಿದು ಬಂದರೆ ಬಾಗಿಲಲ್ಲೇ ಮಾತು ಮುಗಿಯುತ್ತಿತ್ತು. "ದೀಪ ಹಚ್ಚೀನಿ ಈಶಮ್ಮಾ. ಹೆಪ್ಪು ಮುಂಜಾನೆ ಒಯ್ಯಿರಿ." ಲಕ್ಷ್ಮಿ ಹೆಪ್ಪಿನ ಹಿಂದೆಯೇ ಹೊಸ್ತಿಲು ದಾಟುತ್ತಾಳೆಂಬುದು ಆಕೆಯ ನಂಬಿಕೆ. ಇಂಥ ಮನೆಯಲ್ಲಿ ಬಿಯರು ಎಂಬ ಶಬ್ದ ಹುಟ್ಟುವುದುಂಟೇ?

"ಏನೋ ಅದು, ಹುಳಿ ನಾತ?" ಎಂದು ತಾಯಿ ಕೇಳಿದ ದಿನವೇ ಮಗ ಹೇಳಿಬಿಟ್ಟಿದ್ದ, "ಅಂಬಲಿ ಆಯಿ. ಪಿತ್ತಕ್ಕ ಛಲೋ."

"ನೀ ಅಡಗಿಮನಿ ಹೊಕ್ಕರ ಹಾಲು ಒಡೀತದ. ನಿನಗ್ಯಾಕ ಬೇಕು ಅಂಬಲಿ?" ಅಂದಿದ್ದಳು ಮಾಲತೀಬಾಯಿ. ಮಗನ ಕೈಯಿಂದ ಏನಾದರೂ ನೆಟ್ಟಗಾದೀತೆಂಬ ಆಸೆಯನ್ನು ಆಕೆ ಎಂದೋ ಬಿಟ್ಟಿದ್ದಳು. ಗಂಡ ತೀರಿದ ಮೇಲಂತೂ ಆಕೆ ನಕ್ಕದ್ದನ್ನೂ ಯಾರೂ ಕಂಡಿರಲಿಲ್ಲ.

ನಿಜ ಗೊತ್ತಿದ್ದದ್ದು ಹೆಂಡತಿ ವರದಾಗೆ ಮಾತ್ರ. "ಒಂದಿನ ಈ ಸುಳ್ಳೇ ನಿಮ್ಮ ಕಾಲಿಗೆ ತೊಡರ್ತದ ನೋಡ್ರಿ," ಎಂದು ಆಕೆ ಹೇಳುತ್ತಲೇ ಇದ್ದಳು.

ಅಷ್ಟರಲ್ಲಿ ಬಂತು ಸಕಲ ಜನರ ಸಮ್ಮೆ, ಪ್ರತ್ಯೇಕ ರಾಜ್ಯಕ್ಕಾಗಿ ಎಲ್ಲರೂ ಹೂಡಿದ ಮುಷ್ಕರ. ಕಚೇರಿಗೆ ಬೀಗ, ಶಾಲೆಗೆ ಬೀಗ, ಬಸ್ಸುಗಳು ಡಿಪೋದಲ್ಲಿ ನಿದ್ದೆ. ಊರ ತುಂಬ ಒಂದೇ ಮಾತು, ರಾಜ್ಯ ಬರಲಿ. ರಾಜ್ಯ ಬಂದರೆ ನೀರು ಬರುತ್ತದೆ, ನೌಕರಿ ಬರುತ್ತದೆ, ಮುದುಕರ ಮೊಣಕಾಲು ನೋವೂ ಹೋಗುತ್ತದೆ! ಅವರವರ ಆಸೆಯನ್ನು ಅವರವರು ಆ ಗೂಟಕ್ಕೆ ಕಟ್ಟಿದ್ದರು. ನಾಗೇಶನೂ ತನ್ನದನ್ನು ಕಟ್ಟಿದ. ರಾಜ್ಯ ಬಂದರೆ ಸಣ್ಣವರೂ ಬಿಯರು ಮಾಡಲು ಪರ್ಮಿಟ್ ಸಿಗುತ್ತದೆ. ಹೈದರಾಬಾದಿನಲ್ಲಿ ಹೋಟೆಲು ನಡೆಸುವ ವರದಾಳ ತಮ್ಮ ಸಮೀರ್ ಕೂಡ ಹಾಗೇ ನಂಬಿದ್ದ. ತಾಂಡೂರಿನ ಶೆಡ್ಡು ಈಗ ಅವನ ಕೈಯಲ್ಲಿತ್ತು.

"ಭಾವ, ಶುಕ್ರವಾರ ಬರ್ತೀನಿ, ರುಚಿ ನೋಡ್ತೀನಿ," ಎಂದು ಫೋನಿನಲ್ಲಿ ಹೇಳಿದ. "ಛಲೋ ಅದ ಅಂದ್ರ ಶೆಡ್ಡು ನಿಮಗ, ಬಂಡವಾಳ ನಂದು. ಇಲ್ಲಂದ್ರ ಸಿಮೆಂಟಿನ ವ್ಯಾಪಾರಿಗೆ ಬಾಡಿಗಿ ಕೊಟ್ಟು ಬಿಡ್ತೀನಿ. ಅವಾ ಬಾಳ ಅವಸರ ಮಾಡಾಕತ್ಯಾನ."

ನಾಗೇಶ ಮೈಯೆಲ್ಲ ಕೈಯಾಗಿ ದೊಡ್ಡ ಹಂಡೆ ತುಂಬ ಮಾಡಿದ. ಶುಕ್ರವಾರ ಬೆಳಿಗ್ಗೆ ಬಟ್ಟೆ ಸರಿಸಿ ಮೂಸಿದರೆ ಎಂದೂ ಬಂದಿರದ ಪರಿಮಳ! ಈ ಸಲ ಹೆಪ್ಪನ್ನು ಇನ್ನೂ ತೆಗೆದಿಟ್ಟಿರಲಿಲ್ಲ. ಸಮೀರ್ ಕುಡಿದ ಮೇಲೆ ತಳದ್ದು ಇದ್ದೇ ಇರುತ್ತದಲ್ಲ ಅಂದುಕೊಂಡ. ಅಂದೇ ಮುಂಬಯಿ ಹೆದ್ದಾರಿಯ ಮೇಲೆ ಅಡುಗೆಯ ಚಳವಳಿ. ರಸ್ತೆ ಬಂದ್ ಮಾಡಿ, ರಸ್ತೆಯಲ್ಲೇ ಒಲೆ ಹೂಡಿ, ಅಲ್ಲೇ ಉಣ್ಣುವುದು. ಶಾಮಿಯಾನ ಕಟ್ಟಲು ನೌಕರರ ಸಂಘದವರು ಕರೆದರೆಂದು ನಾಗೇಶ ಹೋದ.

ಅವನು ಅತ್ತ ಹೋದದ್ದೇ ತಡ, ಇತ್ತ ಈಶಮ್ಮ ಓಣಿಯ ಹೆಂಗಸರನ್ನೆಲ್ಲ ಹೊರಡಿಸಿದಳು. ಒಬ್ಬರದು ರೊಟ್ಟಿ, ಒಬ್ಬರದು ಪುಂಡಿ ಪಲ್ಯ. ವರದಾ ನೀರಿಗೆ ಹೋಗಿದ್ದಳು. ಮಾಲತೀಬಾಯಿ ಹಿತ್ತಲ ಕೋಣೆ ನೋಡಿದಳು. "ಹಂಡೆ ತುಂಬ ಅಂಬಲಿ ಮಾಡ್ಯಾನ ಮಗಾ. ಬಿಸಲಾಗ ಕುಂತ ಮಂದಿಗೆ ತಂಪಾಗ್ತದ." ಹಂಡೆ ಕೈಗಾಡಿ ಏರಿತು.

ಹಗ್ಗ ಬಿಗಿದು ತಿರುಗಿದ ನಾಗೇಶನಿಗೆ ಕಂಡದ್ದು ತನ್ನದೇ ಹಂಡೆ, ಪಕ್ಕದಲ್ಲಿ ಲೋಟ ಹಿಡಿದ ತಾಯಿ, ಎದುರಿಗೆ ಗದ್ದಲವಿಲ್ಲದ ದೊಡ್ಡ ಸಾಲು. ಕೂಗಿ ಹೇಳೋಣವೆಂದರೆ ಸಾಲಿನ ಮುಂದೆಯೇ ಅಬಕಾರಿ ಇಲಾಖೆಯ ಜವಾನ, ಎರಡನೇ ಲೋಟಕ್ಕೆ ಕೈ ಚಾಚಿ ನಿಂತಿದ್ದಾನೆ! ಬಾಯಿ ಬಿಟ್ಟರೆ ಗುಡುಂಬಾ ಕೇಸು, ಅಂದರೆ ಕಳ್ಳಭಟ್ಟಿ ಕೇಸು, ಮುಚ್ಚಿಕೊಂಡರೆ ಕನಸು ನೀರುಪಾಲು. ಅವನು ಶಾಮಿಯಾನದ ಕಂಬ ಹಿಡಿದು ನಿಂತೇಬಿಟ್ಟ.

ಆ ಮಧ್ಯಾಹ್ನವನ್ನು ಜಹೀರಾಬಾದಿನವರು ಈಗಲೂ ನೆನೆಸುತ್ತಾರೆ, ಕಾರಣ ಮಾತ್ರ ಗೊತ್ತಿಲ್ಲ. ಘೋಷಣೆಗಳು ನಿಧಾನವಾಗಿ ಹಾಡಾದವು. ಡಪ್ಪು ಬಾರಿಸುವವನ ಕೈ ಜೋಗುಳದ ಲಯಕ್ಕೆ ಇಳಿಯಿತು. ಜಗಳಾಡಿ ಮಾತು ಬಿಟ್ಟಿದ್ದ ಇಬ್ಬರು ಮಾಸ್ತರರು ಒಬ್ಬರ ಹೆಗಲಿಗೊಬ್ಬರು ತಲೆಯಿಟ್ಟರು. ಲಾರಿಯವರು ಇಳಿದು ಬಂದು ತಮ್ಮ ತಮ್ಮ ಊರಿನ ನದಿಗಳ ಹೆಸರು ಹೇಳುತ್ತ ಕೂತರು. ಎಂದೂ ಖಾಲಿಯಾಗದ ಹೆದ್ದಾರಿ ಬಿಸಿಲಲ್ಲಿ ಹೊಳೆಯಂತೆ ಮಲಗಿತ್ತು. ಅದರ ನಡುವೆ ಒಂದು ಕುರಿಹಿಂಡು ಯಾರ ಹಂಗೂ ಇಲ್ಲದೆ ದಾಟಿಹೋಯಿತು. ಮಾಲತೀಬಾಯಿ ನಗುತ್ತಿದ್ದಳು. ನಾಗೇಶ ತನ್ನ ಗಾಬರಿಯನ್ನು ಅರೆಗಳಿಗೆ ಮರೆತು ಆ ನಗುವನ್ನೇ ನೋಡಿದ. ರಾಜ್ಯ ಬಂದರೆ ಹೀಗೇ ಇದ್ದೀತೇನೋ ಅನಿಸಿತು.

ನಿಂತ ಲಾರಿಗಳ ಹಿಂದೆ ಸಮೀರನ ಕಾರೂ ಸಿಕ್ಕಿಬಿದ್ದಿತ್ತು. ಅವನು ಬೆವರುತ್ತ ನಡೆದು ಬಂದ.

"ಬಾರಪ್ಪಾ ಸಮೀರ್, ಬಿಸಲಾಗ ಬಂದೀ. ಕುಡಿ. ನನ್ನ ಮಗಾ ಮಾಡ್ಯಾನ," ಎಂದು ಮಾಲತೀಬಾಯಿ ಲೋಟ ಕೊಟ್ಟಳು.

ಒಂದು ಗುಟುಕು ಕುಡಿದ ಸಮೀರ್ ಕಣ್ಣು ಮುಚ್ಚಿದ. ಲೋಟ ಖಾಲಿಯಾದ ಮೇಲೆ ನಾಗೇಶನ ಹತ್ತಿರ ಬಂದು ಪಿಸುಗುಟ್ಟಿದ, "ಭಾವ, ಇದೇ ಏನು?"

"ಇದೇ."

"ತಾಂಡೂರಿನ ಶೆಡ್ಡು ನಿಮ್ದು!" ಪಿಸುಮಾತು ಹೋಗಿ ಗಂಟಲು ದೊಡ್ಡದಾಯಿತು. "ದಸರಾಕ್ಕ ನನ್ನ ಪಾರ್ಟನರ್‌ನ ಕರ್ಕೊಂಡು ಬರ್ತೀನಿ. ಆದ್ರ ಇದೇ ರುಚಿ ಇರಬೇಕು ನೋಡ್ರಿ. ಕೂದಲೆಳಿ ಹೆಚ್ಚು ಕಡಿಮಿ ಆದ್ರೂ ಅವಾ ಒಪ್ಪಂಗಿಲ್ಲ."

ನಾಗೇಶ ಹಂಡೆಯ ಕಡೆ ತಿರುಗಿದ. ನೀರಿನ ಟ್ಯಾಂಕರಿನ ಬಳಿ ಈಶಮ್ಮ ಅದನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಬೋರಲು ಹಾಕಿದ್ದಳು. ಹೊಸದರಂತೆ ಹೊಳೆಯುತ್ತಿತ್ತು. ತಳದಲ್ಲಿ ಒಂದು ಹನಿ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸುಮ್ಮನೆ ಅನ್ನುತ್ತಾರೆಯೇ? ಅವನಿಗೆ ಅಳು ಬಂತು.

ಸಮೀರನನ್ನು ಕಳಿಸಿ ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ನಾಗೇಶ ಹಿತ್ತಲ ಕೋಣೆಯ ಹೊಸ್ತಿಲ ಮೇಲೆ ಕೂತ. ಖಾಲಿ ಕೋಣೆಯಲ್ಲಿ ಶುಂಠಿಯ ವಾಸನೆ ಮಾತ್ರ ಉಳಿದಿತ್ತು. ತಾಂಡೂರಿನ ಹಂಡೆಗಳೆಲ್ಲ ಒಂದೊಂದಾಗಿ ಅವನ ಕಣ್ಣೆದುರೇ ಕರಗಿದವು. ದೇವರ ಮುಂದೆ ಬತ್ತಿ ಸರಿಮಾಡುತ್ತಿದ್ದ ತಾಯಿಯ ಹತ್ತಿರ ಎದ್ದು ಹೋದ. ಇನ್ನು ಮುಚ್ಚಿಟ್ಟು ಆಗಬೇಕಾದದ್ದೇನು?

"ಆಯಿ, ಅದು ಅಂಬಲಿ ಅಲ್ಲ."

"ಗೊತ್ತದ."

"ಗೊತ್ತದ?"

"ಮೊದಲನೇ ಗುಟುಕಿಗೇ ಗೊತ್ತಾತು. ಮದಿವಿ ಆಗಿ ಬಂದಾಗಿಂದ ಅಂಬಲಿ ಕಾಸೀನಿ, ನಾಲಿಗಿ ಸತ್ತದೇನು ನಂದು?"

"ಮತ್ತ ಯಾಕ ಹಂಚಿದಿ?"

ಮಾಲತೀಬಾಯಿ ಬೆರಳಿನ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು. "ಹಂಡೆ ಉರುಳಿಸಿ ಬಿಡಬೇಕಂತ ಕೈ ಹಚ್ಚಿದ್ದೆ. ಅಷ್ಟರಾಗ ಮೊದಲನೇ ಲೋಟ ಕುಡದ ಒಬ್ಬ ಮುದುಕ ಅಂದ, 'ಬಾಯಿ, ನಿಮ್ಮ ಮಗನ ಕೈಯಾಗ ಏನೋ ಅದರಿ' ಅಂತ. ನಿಮ್ಮಪ್ಪ ಹೋದ ಮ್ಯಾಲ ನಿನ್ನ ಬಗ್ಗೆ ಇಂಥಾ ಮಾತು ನಾ ಕೇಳೇ ಇದ್ದಿಲ್ಲ. ಇನ್ನೊಮ್ಮೆ ಕೇಳಬೇಕನಸ್ತು. ಇನ್ನೊಬ್ಬನಿಗೆ ಸುರುವಿದೆ. ಹಂಗಽ ಮುಗದು ಹೋತು."

ನಾಗೇಶ ತಾಯಿಯ ಪಕ್ಕದಲ್ಲೇ ಕುಸಿದು ಕೂತ. ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. "ಎಲ್ಲಾ ಹೋತು ಆಯಿ. ಇನ್ನ ಮಾಡಾಕ ಬರಂಗಿಲ್ಲ. ಒಂದು ಚಮಚ ಹೆಪ್ಪು ಉಳದಿದ್ರ ಸಾಕಿತ್ತು."

"ಇಷ್ಟೊತ್ತಿನಾಗ ಕೇಳಿದ್ರ ಹೆಂಗ?" ಅಂದಳು ಮಾಲತೀಬಾಯಿ.

ಬಾಗಿಲಲ್ಲಿ ನಿಂತಿದ್ದ ವರದಾಗೆ ಮೊದಲು ಹೊಳೆಯಿತು. ಬಾಯಿಗೆ ಸೆರಗು ಅಡ್ಡ ಹಿಡಿದು ಅಡುಗೆಮನೆಯತ್ತ ನೋಡಿದಳು. ಮೊಸರಿನ ಗಡಿಗೆಯ ಪಕ್ಕದಲ್ಲಿ, ತಟ್ಟೆ ಮುಚ್ಚಿದ ಒಂದು ಸಣ್ಣ ಬಟ್ಟಲಿತ್ತು. ನಾಗೇಶ ಮಾತ್ರ ಇನ್ನೂ ಪಿಳಿಪಿಳಿ ನೋಡುತ್ತಿದ್ದ.

"ಈಶಮ್ಮ ಹಂಡೆ ತಿಕ್ಕೋ ಮೊದಲೇ ತಳದ್ದು ತಗದಿಟ್ಟೀನಿ. ತಾಂಡೂರಿಗೆ ಹೋಗೋ ಹೆಪ್ಪು ಅದು," ಎಂದಳು ತಾಯಿ, "ದೀಪ ಹಚ್ಚೀನಿ, ಈಗ ಹೊಸ್ತಿಲ ದಾಟಸಂಗಿಲ್ಲ. ಮುಂಜಾನೆ ಒಯ್ಯಿ."